ಫೋಟೋದ ಅಮಾತೆಪ್ಪನ ಕೌದಿ ಚೀಲ

ಇಳಕಲ್ಲಿನ ಅಮಾತೆಪ್ಪ ಗಂಜಿಹಾಳ ಸತ್ತವರ ಕಣ್ಣು ತೆರೆಸುವುದರಲ್ಲಿ ಹೆಸರಾದವನು. ಹಿರಿಯರು ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದೆ ತೀರಿಕೊಂಡರೆ ಜನ ಇವನನ್ನು ಕರೆಸುತ್ತಿದ್ದರು. ಗೋಡೆಗೆ ಒರಗಿಸಿ ಕೂರಿಸಿದ ಹೆಣದ ಫೋಟೋ ತೆಗೆದು, ಕಾಗದದ ಮೇಲೆ ಸಣ್ಣ ಕುಂಚದಿಂದ ಎರಡು ಕಣ್ಣು ಬರೆದು, ಚೌಕಟ್ಟು ಹಾಕಿ ಕೊಡುತ್ತಿದ್ದ. ಗಂಡಸರಿಗೂ ಹೆಂಗಸರಿಗೂ ಒಂದೇ ನಮೂನೆಯ ಕಣ್ಣು. ಯಾರೂ ತಕರಾರು ಮಾಡಿರಲಿಲ್ಲ. ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವನ ‘ಅನುಭವ ಫೋಟೋ ಸ್ಟುಡಿಯೋ’ ಇತ್ತು.

ಅವನ ಬಳಿ ಎರಡು ಕ್ಯಾಮೆರಾ. ಒಂದು ಮುಂಭಾಗದಲ್ಲಿ ಒಂದರ ಮೇಲೊಂದು ಎರಡು ಕಣ್ಣಿದ್ದ ಡಬ್ಬಿಯಂಥದ್ದು. ಅದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ಬಗ್ಗಿಸಿ ನೋಡಬೇಕು. ಇನ್ನೊಂದು ಹಾರ್ಮೋನಿಯಂ ಪೆಟ್ಟಿಗೆಯ ಹಾಗೆ ಮಡಚಿಡುವಂಥದ್ದು. ಎರಡಕ್ಕೂ ಅಗಲ ಫಿಲ್ಮು ಬೇಕು. ಒಂದರಲ್ಲಿ ರೋಲಿಗೆ ಹನ್ನೆರಡು ಫೋಟೋ, ಇನ್ನೊಂದರಲ್ಲಿ ಎಂಟು. ಎರಡನ್ನೂ ಸೊಲ್ಲಾಪುರದಲ್ಲಿ ಒಬ್ಬ ನಿವೃತ್ತ ಮಿಲಿಟರಿಯವನಿಂದ ತಂದಿದ್ದ. ಅವುಗಳ ಜೊತೆ ಹಿತ್ತಾಳೆ ಕೊಂಡಿಯ, ಫಳಫಳ ಹೊಳೆಯುವ ಕಂದು ಚರ್ಮದ ಪೆಟ್ಟಿಗೆಚೀಲವೂ ಬಂದಿತ್ತು. ಅದೇ ಅವನ ಪ್ರತಿಷ್ಠೆ.

೧೯೭೬ರಲ್ಲಿ ಅವನ ಗೆಳೆಯ ಪಂಢರೀನಾಥ ಆ ಪ್ರತಿಷ್ಠೆಗೆ ಕಲ್ಲು ಹಾಕಿದ. ಪಂಢರೀನಾಥ ಬಾಗಲಕೋಟೆಯಲ್ಲಿ ಚಿತ್ರಕಲೆಯ ಮಾಸ್ತರ, ಮನೆ ವಿದ್ಯಾಗಿರಿಯಲ್ಲಿ. ಏಳೆಂಟು ಜನ ಫೋಟೋದ ಹುಚ್ಚರನ್ನು ಸೇರಿಸಿ ಒಂದು ಬಳಗ ಕಟ್ಟಿಕೊಂಡಿದ್ದ. ಅಮಾತೆಪ್ಪ ತನ್ನ ಅತ್ಯುತ್ತಮ ಫೋಟೋಗಳನ್ನು ಅವನ ಮುಂದೆ ಹರಡಿದಾಗ ಆತ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದ.

“ಇದರಾಗ ಸತ್ತವರು ಯಾರು, ಇದ್ದವರು ಯಾರು?” ಎಂದು ಕೇಳಿದ.

“ಇವರೆಲ್ಲಾ ಇದ್ದವರಲೇ.”

“ಹಂಗಾರ ಒಬ್ಬರೂ ಯಾಕ ಉಸಿರಾಡವಲ್ರು? ಎಲ್ಲಾರೂ ಧ್ವಜವಂದನಕ್ಕ ನಿಂತಂಗ ನಿಂತಾರ. ನಮ್ಮ ಬಳಗದ್ದು ವರ್ಷಾ ಒಂದು ಸ್ಪರ್ಧಾ ಇರತದ, ‘ಸಹಜ ಬದುಕು’ ಅಂತ. ಕ್ಯಾಮೆರಾ ಅದ ಅನ್ನೂದು ಮಂದಿಗೆ ಗೊತ್ತಾಗದಂಗ ತಗೀಬೇಕು. ಅಂಥಾದ್ದು ಒಂದರೆ ಕಳಸು ನೋಡೋಣ.”

ಒಂದು ವಾರ ಬಿಟ್ಟು ಅಮಾತೆಪ್ಪ ಬದಾಮಿಗೆ ಹೋದ. ಹೊಂಡದ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಚರ್ಮದ ಚೀಲದ ಕೊಂಡಿ ‘ಟಕ್’ ಎಂದಿತು ಅಷ್ಟೆ, ಇಪ್ಪತ್ತು ತಲೆಗಳು ತಿರುಗಿದವು. “ಫೋಟೋದಾಂವ ಬಂದಾನ!” ಎಂದು ಯಾರೋ ಕೂಗಿದರು. ಅವನು ಫಿಲ್ಮು ಹಾಕಿ ತಲೆ ಎತ್ತುವಷ್ಟರಲ್ಲಿ ಕಲ್ಲಿನ ಮೇಲೆ ಒದ್ದೆ ಬಟ್ಟೆಗಳು ಮಾತ್ರ ಉಳಿದಿದ್ದವು. ಅರ್ಧ ತಾಸಿನ ಮೇಲೆ ಎಲ್ಲರೂ ಮುಖಕ್ಕೆ ಪೌಡರು ಹಚ್ಚಿ, ಮದುವೆಯ ಸೀರೆ ಉಟ್ಟು, ನತ್ತು ಇಟ್ಟುಕೊಂಡು ಬಂದು ಎರಡು ಸಾಲು ಮಾಡಿ ನಿಂತರು. ಒಬ್ಬಾಕೆ ಹೂದಾನಿಯನ್ನೂ ತಂದಿದ್ದಳು. ತೆಗೆಯದೆ ಬಿಡುವ ಹಾಗಿರಲಿಲ್ಲ. ತೆಗೆದ. ಒಬ್ಬರೂ ಉಸಿರಾಡಲಿಲ್ಲ.

ತಪ್ಪು ಚೀಲದ್ದು ಎಂದು ಅಮಾತೆಪ್ಪನಿಗೆ ಆವತ್ತೇ ಖಾತ್ರಿಯಾಯಿತು. ಕ್ಯಾಮೆರಾವನ್ನು ಹೊರಗೆ ತೆಗೆದಾಗ ಅಷ್ಟು ಕಷ್ಟವಿರಲಿಲ್ಲ. ತಲೆ ಬಗ್ಗಿಸಿ ಎರಡು ಕೈಯಲ್ಲಿ ಹಿಡಿದು ನಿಂತರೆ ಲಿಂಗಪೂಜೆಗೆ ನಿಂತವನ ಹಾಗೆಯೇ ಕಾಣುತ್ತಿದ್ದ. ಒಮ್ಮೆ ಪೇಟೆಯಲ್ಲಿ ಒಬ್ಬ ಯಜಮಾನರು ಚಪ್ಪಲಿ ಕಳಚಿ ದೂರ ನಿಂತು, ಅವನು ತಲೆ ಎತ್ತಿದ ಮೇಲೆ “ಪೂಜಿ ಮುಗೀತೇನ್ರಿ?” ಎಂದು ಕೇಳಿದ್ದರು. ಅಡ್ಡಿಯಾಗುತ್ತಿದ್ದುದು ಚೀಲ ಒಂದೇ. ಯಾರ ಕಣ್ಣಿಗೂ ಬೀಳದಂಥ ಚೀಲ ಹುಡುಕಬೇಕು.

ಮೊದಲು ಗೋಣಿಯ ಸಂತೆಚೀಲ ಹಿಡಿದು ಹುನಗುಂದದ ಸಂತೆಗೆ ಹೋದ. ಅಲ್ಲಿ ಅವನನ್ನು ನಿಜಕ್ಕೂ ಯಾರೂ ಗಮನಿಸಲಿಲ್ಲ. ಉಳ್ಳಾಗಡ್ಡಿ ಮಾರುವವನ ಜಗಳ ಚೆನ್ನಾಗಿ ನಡೆದಿತ್ತು. ಇವನು ಚೀಲದ ಬಾಯಿ ಅಗಲಿಸಿ ಒಳಗೆ ಕೈ ಹಾಕಿದ್ದೇ ತಡ, ಮಾರುವವನು ಜಗಳ ನಿಲ್ಲಿಸದೆಯೇ ತಕ್ಕಡಿಯಲ್ಲಿದ್ದ ಉಳ್ಳಾಗಡ್ಡಿಯನ್ನೆಲ್ಲ ಅದರೊಳಗೆ ಸುರಿದ. ಎರಡು ಕಣ್ಣಿನ ಕ್ಯಾಮೆರಾದ ಮೇಲಿನ ಗಾಜು ಬಿರುಕು ಬಿಟ್ಟಿತು. ತಿಂಗಳುಗಟ್ಟಲೆ ಅದರಿಂದ ಉಳ್ಳಾಗಡ್ಡಿಯ ವಾಸನೆ ಹೋಗಲಿಲ್ಲ. ಬಗ್ಗಿ ನೋಡಿದಾಗಲೆಲ್ಲ ಅಮಾತೆಪ್ಪನ ಕಣ್ಣಲ್ಲಿ ನೀರು ಬರುತ್ತಿತ್ತು.

ಮುಂದಿನದು ಕರಿ ಚೀಲ. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು, ಡಾಕ್ಟರು ಹಿಡಿಯುವಂಥದ್ದು. ಒಳಗೆ ಖಾನೆಗಳಿದ್ದವು. ಕ್ಯಾಮೆರಾ ಅಲುಗಾಡದೆ ಕೂರುತ್ತಿತ್ತು. ಆ ವರ್ಷದ ಕೊನೆಗೆ ಅದನ್ನು ಹಿಡಿದು ಮರೋಳದಲ್ಲಿ ಬಸ್ಸಿಳಿದ. ಕಟ್ಟೆಯ ಮೇಲೆ ಹದಿನೈದು ಇಪ್ಪತ್ತು ಗಂಡಸರು ಚೌಕಾಬಾರ ಆಡುತ್ತಿದ್ದರು. ಒಬ್ಬ ಇವನ ಮುಖ ನೋಡಿದ, ಚೀಲ ನೋಡಿದ, ಮೆಲ್ಲಗೆ ಎದ್ದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಲ್ಲರೂ ಒಮ್ಮೆಲೇ ಧೋತರ ಎತ್ತಿ ಕಟ್ಟಿ ಓಡಿದರು. ಬಾಗಿಲುಗಳು ದಡದಡ ಮುಚ್ಚಿದವು. ಊರಾಚೆಯ ಆಳೆತ್ತರದ ಜೋಳದಲ್ಲಿ ರುಮಾಲುಗಳು ಮುಳುಗುವುದು ಕಂಡಿತು.

ಕಟ್ಟೆಯ ಮೇಲೆ ಉಳಿದವನು ಮುದುಕ ಮಾಳಪ್ಪನೊಬ್ಬನೇ. ಓಡಲು ಅವನಿಗೆ ಮೊಣಕಾಲಿನಲ್ಲಿ ಶಕ್ತಿ ಇರಲಿಲ್ಲ.

“ಎಲ್ಲಾರೂ ಯಾಕ ಓಡಿದ್ರಪಾ ಯಜ್ಜಾ?” ಎಂದು ಅಮಾತೆಪ್ಪ ಕೇಳಿದ.

“ನೀ ಆಪರೇಷನ್ ಮಾಡಾಕ ಬಂದೀಯಲ್ಲ, ಅದಕ್ಕ,” ಎಂದ ಮಾಳಪ್ಪ. “ಮಕ್ಕಳಾಗದಂಗ ಮಾಡ್ತಾರಂತಲ್ಲ, ಅದು. ನನಗ ಎಂಬತ್ತಾತು. ಮಾಡೂದಿದ್ರ ಮಾಡು, ನಂದೇನು ತಕರಾರಿಲ್ಲ. ಆದ್ರ ಮೊದಲ ರೇಡಿಯೋ ಇಲ್ಲಿ ಇಡು.”

“ಯಾವ ರೇಡಿಯೋ?”

“ಆಪರೇಷನ್ ಮಾಡಿಸಿಕೊಂಡವ್ರಿಗೆ ರೇಡಿಯೋ ಕೊಡ್ತಾರಂತ ನನಗೇನು ಗೊತ್ತಿಲ್ಲೇನು?”

ಅಮಾತೆಪ್ಪ ಚೀಲ ತೆರೆದು ಎರಡು ಕಣ್ಣಿನ ಕ್ಯಾಮೆರಾ ತೋರಿಸಿದ. ಮುದುಕ ಅದನ್ನು ಕಿವಿಗೆ ಹಿಡಿದು, ಪಕ್ಕದ ಹಿಡಿಕೆ ತಿರುವಿ, ಸ್ವಲ್ಪ ಹೊತ್ತು ಕಾದು, “ಇದು ಕೆಟ್ಟೈತಿ,” ಎಂದು ಹಿಂದಕ್ಕೆ ಕೊಟ್ಟ. ಆಪರೇಷನ್ನಿಗೂ ಒಪ್ಪಲಿಲ್ಲ.

ಸಂಜೆಯ ಬಸ್ಸಿಗೆ ಇನ್ನೂ ನಾಲ್ಕು ತಾಸಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಅಮಾತೆಪ್ಪ ಖಾಲಿ ಓಣಿಗಳನ್ನು, ಆಟದ ಕವಡೆ ಬಿದ್ದ ಕಟ್ಟೆಯನ್ನು, ಒಂಟಿ ಚಪ್ಪಲಿಗಳನ್ನು ತೆಗೆದು ರೋಲು ಮುಗಿಸಿದ. ಅವನು ಬಸ್ಸು ಹತ್ತಿದ ಮೇಲೆಯೇ ಜೋಳ ಅಲುಗಾಡಿತಂತೆ.

ಇಷ್ಟಾದ ಮೇಲೆ ಅವನು ಕಾಸಿಂಬಿಯ ಬಳಿ ಹೋದ. ಕಾಸಿಂಬಿ ಕೌದಿ ಹೊಲಿಯುವಾಕೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಒತ್ತೊತ್ತಾಗಿ ದಾರ ಹಾಕಿ, ಹಾಸಲು ಹೊದೆಯಲು ಕೌದಿ ಮಾಡಿಕೊಡುತ್ತಿದ್ದಳು. ಇಡೀ ಕಥೆ ಕೇಳಿ ಆಕೆ ಸೂಜಿಯನ್ನು ತಲೆಗೂದಲಲ್ಲಿ ತಿಕ್ಕಿಕೊಂಡಳು.

“ಅಣ್ಣಾ, ನೀ ಹಿಡಿಯೂ ಚೀಲ ಎಲ್ಲಾ ಯಾರಾರೋ ಹಿಡಿಯೂವು. ಅದಕ್ಕ ಮಂದಿ ನಿನ್ನ ಅವರಂತ ತಿಳೀತಾರ. ಯಾರೂ ಹಿಡಿಯದಂಥಾದ್ದು ಒಂದು ನಾ ಹೊಲಿದು ಕೊಡ್ತೇನಿ.”

ಎಂಟು ದಿನದಲ್ಲಿ ಚೀಲ ತಯಾರಾಯಿತು. ಐದು ಪದರದ ಕೌದಿ, ಒಳಗೆ ಎರಡು ಗೂಡು, ಮುಂದೆ ಬಟ್ಟೆಯ ಮುಚ್ಚಳವಿದ್ದ ಒಂದು ತೂತು, ಕೊರಳಿಗೆ ಹಾಕಿಕೊಳ್ಳಲು ಅಗಲ ಪಟ್ಟಿ. ತೂತಿನ ಬಟ್ಟೆ ಸರಿಸಿದರೆ ಕ್ಯಾಮೆರಾವನ್ನು ಹೊರಗೆ ತೆಗೆಯದೆಯೇ ಫೋಟೋ ತೆಗೆಯಬಹುದು. ಮೇಲಿನಿಂದ ಚೀಲದೊಳಗೆ ಬಗ್ಗಿ ನೋಡಿದರೆ ಸಾಕು. ಅಮಾತೆಪ್ಪ ಕಾಸಿಂಬಿಗೆ ಕೈಮುಗಿದ. ಇಬ್ಬರಿಗೂ ಒಂದು ವಿಷಯ ಹೊಳೆಯಲಿಲ್ಲ. ಎದೆಯ ಮೇಲೆ ಕೌದಿ ಸುತ್ತಿದ ಗಂಟು ಇಳಿಬಿಟ್ಟುಕೊಂಡು ಹೋಗುವ ಮನುಷ್ಯ, ಆಗಾಗ ಅದರೊಳಗೆ ಬಗ್ಗಿ ನೋಡಿದರೆ, ಜನ ಏನೆಂದು ತಿಳಿಯುತ್ತಾರೆ ಎನ್ನುವುದು.

ಅದು ಬದಾಮಿ ಬಸ್ಸಿನಲ್ಲಿ ಅವನಿಗೆ ತಿಳಿಯಿತು. ಬಸ್ಸು ತುಂಬಿತ್ತು. ಆದರೂ ಇವನು ಹತ್ತಿದೊಡನೆ ಒಬ್ಬಾಕೆ ಎದ್ದು ನಿಂತಳು.

“ಕುಂದರ್ರಿ ಯಣ್ಣಾ. ಕೂಸಿಗೆ ಧಕ್ಕಿ ಆದೀತು.”

ಅಮಾತೆಪ್ಪ ಹಿಂದೆ ತಿರುಗಿ ನೋಡಿದ. ತನ್ನ ಹಿಂದೆ ಯಾರೂ ಕೂಸು ಹೊತ್ತವರಿಲ್ಲ. ಕುಳಿತ. ಅಷ್ಟರಲ್ಲಿ ಮುಂದಿನ ಸೀಟಿನಾಕೆ, “ಎಷ್ಟು ತಿಂಗಳದ್ರಿ?” ಎಂದಳು. ಇಲ್ಲ ಎಂದರೆ ಏನಿದೆ ಎಂದು ತೋರಿಸಬೇಕು. ತೋರಿಸಿದರೆ ಬಸ್ಸಿನವರೆಲ್ಲ ತಲೆ ಬಾಚಿಕೊಂಡು ನಿಲ್ಲುತ್ತಾರೆ.

“ಮೂರು,” ಎಂದುಬಿಟ್ಟ.

“ಅದರ ತಾಯಿ ಎಲ್ಲದಾಳ್ರಿ?”

ಅಮಾತೆಪ್ಪ ತಲೆ ಬಗ್ಗಿಸಿ ಚೀಲದೊಳಗೆ ನೋಡಿದ. ಅದನ್ನು ಹೆಂಗಸರು ತಮ್ಮ ಲೆಕ್ಕದಲ್ಲಿ ತಿಳಿದುಕೊಂಡು ‘ಚ್ಚು ಚ್ಚು’ ಎಂದರು. ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುಳೇದಗುಡ್ಡ ದಾಟುವ ಹೊತ್ತಿಗೆ ಅವನ ಮಡಿಲಲ್ಲಿ ನಾಲ್ಕು ಬಾಳೆಹಣ್ಣು, ಒಂದು ಬೆಲ್ಲದ ಹೆಂಟೆ, ದೃಷ್ಟಿಯಾಗದಿರಲೆಂದು ಒಂದು ಕರಿಮಣಿ ಇದ್ದವು.

ಬದಾಮಿಯಲ್ಲಿ ಚೀಲ ತನ್ನ ಕೆಲಸ ಮಾಡಿತು. ಆದರೆ ಎಲ್ಲಿ ಕೂತರೂ ಯಾರಾದರೊಬ್ಬರು ಹತ್ತಿರ ಬರುತ್ತಿದ್ದರು. “ಬಿಸಿಲಾಗ ಯಾಕ ಕುಂತೀಯಪಾ?” “ಹಾಲು ಏನು ಹಾಕ್ತೀ, ಆಕಳದೋ ಎಮ್ಮೀದೋ?” ತೂತಿನ ಬಟ್ಟೆ ಮುಚ್ಚುವುದೇ ಅವನ ಕೆಲಸವಾಯಿತು. ಒಂದೇ ಒಂದು ಸಲ, ನಾಲ್ಕು ಮಾರು ದೂರದಲ್ಲಿ ಕುಳಿತ ಹಲ್ಲಿಲ್ಲದ ಮುದುಕಿಯೊಬ್ಬಳು ಚೀಲದ ಕಡೆ ಕೈ ಆಡಿಸಿ, ತುಟಿ ಮುಂದೆ ಮಾಡಿ, ‘ಲುಲುಲು’ ಎಂದು ಆಡಿಸಿದಳು. ಅಮಾತೆಪ್ಪ ಗುಂಡಿ ಒತ್ತಿದ.

ಆ ಫೋಟೋ ತೊಳೆದು ಬಂದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅಂಥ ಮುಖವನ್ನು ಅವನು ಹದಿನೈದು ವರ್ಷದಲ್ಲಿ ತೆಗೆದಿರಲಿಲ್ಲ. ಬಾಗಲಕೋಟೆಗೆ ಕಳಿಸಲೆಂದು ಲಕೋಟೆಗೆ ಹಾಕಿದ, ಮತ್ತೆ ತೆಗೆದ. ಆಕೆ ನಕ್ಕಿದ್ದು ಕೂಸಿಗೆ, ತನಗಲ್ಲ. ಇಲ್ಲದ ಕೂಸಿನ ಹೆಸರಲ್ಲಿ ಆ ನಗೆಯನ್ನು ಕಸಿದುಕೊಂಡು ಬಂದ ಹಾಗೆ ಅನಿಸಿತು. ಫೋಟೋವನ್ನು ಪೆಟ್ಟಿಗೆಯ ತಳದ ರಟ್ಟಿನ ಕೆಳಗೆ ಇಟ್ಟುಬಿಟ್ಟ. ಅದನ್ನು ಯಾರಿಗೂ ತೋರಿಸಲಿಲ್ಲ.

ಇತ್ತ ಬಸ್ಸಿನ ಸುದ್ದಿ ಇಳಕಲ್ಲಿಗೆ ಬಂದಿತ್ತು. ಅಮಾತೆಪ್ಪನ ಹೆಂಡತಿ ಶಾರವ್ವ. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಕೌದಿ ಚೀಲ ಸ್ಟುಡಿಯೋದಲ್ಲೇ ಇರುತ್ತಿದ್ದುದರಿಂದ ಆಕೆ ಅದನ್ನು ನೋಡಿರಲಿಲ್ಲ. ಅವಳನ್ನು ಮುಟ್ಟುವ ಹೊತ್ತಿಗೆ ಸುದ್ದಿ ಸಾಕಷ್ಟು ಬೆಳೆದಿತ್ತು. ಗುಳೇದಗುಡ್ಡದಲ್ಲಿ ಯಾರೋ ಒಬ್ಬಾಕೆ ಹೆತ್ತು ತೀರಿಕೊಂಡಿದ್ದಾಳೆ, ಅಮಾತೆಪ್ಪ ಕೂಸನ್ನು ಕೊರಳಿಗೆ ಕಟ್ಟಿಕೊಂಡು ಹಾಲಿಗಾಗಿ ಊರೂರು ತಿರುಗುತ್ತಿದ್ದಾನೆ.

ಸುದ್ದಿ ಮುಟ್ಟಿದ ಐದನೆಯ ದಿನ ಶಾರವ್ವ ರೊಟ್ಟಿ ಬಡಿಸುತ್ತ ಹೇಳಿದಳು:

“ಏನ್ರಿ, ಕೂಸನ್ನ ಎಷ್ಟು ದಿನ ಅಂತ ಚೀಲದಾಗ ಇಟಗೊಂಡು ತಿರಗತೀರಿ? ಮನಿಗೆ ಕರಕೊಂಡು ಬರ್ರಿ. ನಾ ಏನೂ ಅನ್ನೂದಿಲ್ಲ.”

ಅಮಾತೆಪ್ಪ ಎದ್ದು ಕೈ ತೊಳೆಯದೆ ಸ್ಟುಡಿಯೋಕ್ಕೆ ಓಡಿ ಚೀಲ ತಂದ. ಅವಳ ಮುಂದಿಟ್ಟು ಬಿಚ್ಚಿದ. ಎರಡು ಕಣ್ಣಿನ ಕ್ಯಾಮೆರಾ ಕೌದಿಯೊಳಗಿಂದ ಶಾರವ್ವನನ್ನು ನೋಡಿತು. ಅವನು ಪಂಢರೀನಾಥನಿಂದ ಹಿಡಿದು ಕರಿಮಣಿಯವರೆಗೆ ಎಲ್ಲವನ್ನೂ ಹೇಳಿದ. ಅವಳು ನಗುತ್ತಾಳೆ ಎಂದುಕೊಂಡಿದ್ದ. ಅವಳು ನಗಲಿಲ್ಲ. ಒಳಗೆ ಹೋಗಿ ಒಂದು ಗಂಟು ತಂದು ಅವನ ಮುಂದಿಟ್ಟಳು. ತನ್ನ ಹಳೆಯ ಮೆತ್ತನೆಯ ಸೀರೆಯೊಂದನ್ನು ಹರಿದು, ಅಂಚು ಹೊಲಿದು, ಮಡಚಿಟ್ಟ ಹನ್ನೆರಡು ಲಂಗೋಟಿಗಳು.

“ಮತ್ತ ಇವನ್ನ ಏನ್ ಮಾಡ್ಲಿ?” ಎಂದಳು.

ಅಮಾತೆಪ್ಪ ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಕ್ಯಾಮೆರಾದ ಕೆಳಗಿನ ಕಣ್ಣಿನ ಗಾಜು ಒರೆಸಿದ. ಒಂದು ಗೆರೆಯೂ ಉಳಿಯದೆ ಗಾಜು ನೀರಿನಂತೆ ಸ್ವಚ್ಛವಾಯಿತು. “ಇಂಥಾ ಅರಿವಿ ಸೊಲ್ಲಾಪುರದಾಗೂ ಸಿಗೂದಿಲ್ಲ,” ಎಂದ. ಆಗ ಶಾರವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಣ್ಣಲ್ಲಿ ನೀರೂ ಇತ್ತು.

ಗಂಡ ಹೆಂಡಿರ ನಡುವೆ ಮುಗಿದ ಮಾತು ಓಣಿಯಲ್ಲಿ ಮುಗಿಯಲಿಲ್ಲ. ಎದುರುಮನೆಯ ದುರಗವ್ವ ಓಣಿಗೆಲ್ಲ ಹಿರಿಯಳು. ತಾಯಿಯಿಲ್ಲದ ಕೂಸಿಗೆ ಹೆಸರಿಡದೆ ಬಿಡಬಾರದೆಂದು ಆಕೆ ತೀರ್ಮಾನಿಸಿದ್ದಳು. ಮುಂದಿನ ಸೋಮವಾರ ಬೆಳಿಗ್ಗೆ ಹದಿನೆಂಟು ಹೆಂಗಸರು, ಒಂದು ಕಟ್ಟಿಗೆಯ ತೊಟ್ಟಿಲು, ಕೂಸಿನ ತಲೆಗೆ ಹಾಕುವ ಕುಂಚಿಗೆ, ಅಂಗಿ, ಒಂದು ದೊಡ್ಡ ಬೋಗುಣಿ ಗುಗ್ಗರಿ ಸಮೇತ ಅಮಾತೆಪ್ಪನ ಅಂಗಳಕ್ಕೆ ಬಂದರು. ಬೇವಿನ ಮರದ ಟೊಂಗೆಗೆ ತೊಟ್ಟಿಲು ಕಟ್ಟಿಯೂ ಆಯಿತು.

“ಕೂಸನ್ನ ತರ್ರೀ,” ಎಂದಳು ದುರಗವ್ವ.

ಶಾರವ್ವ ಒಳಗೆ ಹೋಗಿ ಚೀಲ ತಂದು, ಕ್ಯಾಮೆರಾ ತೆಗೆದು, ಎರಡು ಕೈಯಲ್ಲಿ ಎತ್ತಿ ತೋರಿಸಿದಳು.

“ಇದ ನೋಡ್ರಿ. ಮಂದಿ ಕಂಡ ಕೂಸು ಇದ.”

ದುರಗವ್ವ ಕ್ಯಾಮೆರಾ ನೋಡಿದಳು, ಅಮಾತೆಪ್ಪನನ್ನು ನೋಡಿದಳು, ಬೋಗುಣಿ ನೋಡಿದಳು.

“ಐದು ಸೇರು ಗೋಧಿ ಗುಗ್ಗರಿ ಕುದಿಸೇನಿ,” ಎಂದಳು. “ಅದನ್ನ ಹೊಳ್ಳಿ ಒಯ್ಯಾಕ ಬರೂದಿಲ್ಲ. ತೊಟ್ಟಲ ಬರಿದ ತೂಗಬಾರದು. ಹಾಕು ಅದನ್ನ. ಗಂಡೋ ಹೆಣ್ಣೋ?”

“ನಮಗೂ ಗೊತ್ತಿಲ್ಲಬೇ.”

“ಕಣ್ಣು ಚಂದ ಅದಾವು. ಹೆಣ್ಣ ಇರಬೇಕು.”

ಕ್ಯಾಮೆರಾಕ್ಕೆ ಕುಂಚಿಗೆ ಹಾಕಿದರು. ತೊಟ್ಟಿಲಲ್ಲಿ ಮಲಗಿಸಿದರು. ದುರಗವ್ವ ಬಗ್ಗಿ, ಕಿವಿ ಯಾವುದೆಂದು ತಿಳಿಯದೆ, ಫಿಲ್ಮು ತಿರುವುವ ಹಿಡಿಕೆಯ ಬಳಿ ಬಾಯಿಟ್ಟು, “ನೇತ್ರವ್ವ, ನೇತ್ರವ್ವ, ನೇತ್ರವ್ವ,” ಎಂದಳು. ಪದ್ಧತಿಯಂತೆ ಉಳಿದವರು ಅವಳ ಬೆನ್ನಿಗೆ ಗುದ್ದಿದರು. ಗುದ್ದು ಜೋರಾಯಿತು. ದುರಗವ್ವ ತೊಟ್ಟಿಲ ಮೇಲೆ ಒರಗಿ ಬೈಯಲು ಶುರುಮಾಡಿದಳು. ಇಬ್ಬರು ನಗುತ್ತ ನೆಲಕ್ಕೆ ಕುಳಿತರು. ಒಬ್ಬಾಕೆ ನಿಜವಾಗಿಯೂ ಜೋಗುಳ ಹಾಡತೊಡಗಿದಳು. ಶಾರವ್ವ ತೊಟ್ಟಿಲ ಹಗ್ಗ ಹಿಡಿದು ತೂಗುತ್ತಿದ್ದಳು. ಅವಳ ಮುಖದಲ್ಲಿ ಏನಿತ್ತೆಂದು ಹೇಳುವುದು ಕಷ್ಟ.

ಚೀಲದ ಇನ್ನೊಂದು ಗೂಡಿನಲ್ಲಿ ಮಡಚುವ ಕ್ಯಾಮೆರಾ ಇತ್ತು. ಅಮಾತೆಪ್ಪ ಅದನ್ನು ಎಲ್ಲರ ಮುಂದೆಯೇ ತೆಗೆದು, ಬಿಚ್ಚಿ, ಕಣ್ಣಿಗೆ ಹಿಡಿದ. ಯಾವುದನ್ನೂ ಮುಚ್ಚಿಡಲಿಲ್ಲ. ಆದರೂ ಅವನ ಕಡೆ ಒಬ್ಬರೂ ತಿರುಗಲಿಲ್ಲ. ಎಂಟು ಫೋಟೋ ತೆಗೆದ.

ಆ ಎಂಟರಲ್ಲಿ ಒಂದನ್ನು, ಸ್ಪರ್ಧೆಗೆ ಇನ್ನೊಂದು ಇರಲೆಂದು ಮರೋಳದ ಖಾಲಿ ಓಣಿಯದೊಂದನ್ನೂ ಸೇರಿಸಿ ಬಾಗಲಕೋಟೆಗೆ ಕಳಿಸಿದ. ೧೯೭೮ರ ಜನವರಿಯಲ್ಲಿ ಪಂಢರೀನಾಥನ ಕಾಗದ ಬಂತು. ತೊಟ್ಟಿಲಿನ ಚಿತ್ರ ತಿರಸ್ಕೃತವಾಗಿತ್ತು. ಪರೀಕ್ಷಕರ ಅಭಿಪ್ರಾಯ ಹೀಗಿತ್ತು: ‘ತೊಟ್ಟಿಲಲ್ಲಿ ಕ್ಯಾಮೆರಾ ಇಟ್ಟು ಹೆಂಗಸರಿಂದ ಅಭಿನಯ ಮಾಡಿಸಲಾಗಿದೆ. ನಿಜ ಬದುಕಿನಲ್ಲಿ ಹೀಗೆ ನಡೆಯುವುದಿಲ್ಲ.’ ಮರೋಳದ ಓಣಿಗೆ ಎರಡನೆಯ ಬಹುಮಾನ ಬಂದಿತ್ತು. ಅದಕ್ಕೆ ಅವರೇ ‘ಹಳ್ಳಿಯ ನೆಮ್ಮದಿ’ ಎಂದು ಹೆಸರನ್ನೂ ಇಟ್ಟಿದ್ದರು.

ಅಮಾತೆಪ್ಪ ಆಮೇಲೆ ಸ್ಪರ್ಧೆಗೆ ಏನನ್ನೂ ಕಳಿಸಲಿಲ್ಲ. ತೊಟ್ಟಿಲಿನ ಫೋಟೋ ಮಾತ್ರ ಓಣಿಯ ಹದಿನೆಂಟು ಮನೆಗಳಿಗೂ ಹೋಯಿತು. ಹೆಂಗಸರು ಸ್ಟುಡಿಯೋಕ್ಕೆ ಬಂದಾಗ ಈಗ ಶಾರವ್ವನೇ ಮುಂದೆ ನಿಂತು ಮಾತಾಡಿಸುತ್ತಿದ್ದಳು. ಮಾತಿನ ನಡುವೆ ಯಾವಾಗ ಗುಂಡಿ ಒತ್ತಿದಳೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಆ ಊರಲ್ಲಿ ಮೊದಲ ಬಾರಿಗೆ ಫೋಟೋಗಳಲ್ಲಿ ಜನರ ಬಾಯಿ ತೆರೆದಿರತೊಡಗಿತು.

೧೯೮೩ರ ಜೂನ್ ತಿಂಗಳಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದ ಒಬ್ಬ ಸಾಲೆಯ ಮಾಸ್ತರ ಆರು ವರ್ಷ ತುಂಬಿದ ಮಕ್ಕಳ ಹೆಸರು ಬರೆದುಕೊಳ್ಳಲು ಆ ಓಣಿಗೆ ಬಂದ. ಆ ಮಾಸ್ತರ ನಾನೇ. ದುರಗವ್ವನ ಕಟ್ಟೆಯ ಮೇಲೆ ಕುಳಿತು ಓಣಿಯ ಮಕ್ಕಳನ್ನೆಲ್ಲ ಬರೆದುಕೊಂಡೆ. “ಎದುರುಮನಿ ಅಮಾತೆಪ್ಪಂದು ನೇತ್ರವ್ವ. ಆರು ಆತು,” ಎಂದು ಆಕೆ ಮುಖ ಅಲುಗದೆ ಹೇಳಿದಳು. ನಾನು ಶಾಯಿಯಲ್ಲಿ ಬರೆದೆ. ಆ ಹುಡುಗಿ ಹದಿನೈದು ದಿನವಾದರೂ ಸಾಲೆಗೆ ಬರಲಿಲ್ಲ. ವಹಿ ಹಿಡಿದು ಮನೆಗೇ ಹೋದೆ.

“ನೇತ್ರವ್ವ ನಿಮ್ಮ ಮಗಳೇನ್ರಿ?”

“ಹೌದ್ರಿ ಸರ್, ನಮ್ಮಕಿನ,” ಎಂದಳು ಶಾರವ್ವ.

“ಹೆಣ್ಣು ಹುಡುಗಿ ಅಂತ ಸಾಲಿಗೆ ಕಳಸವಲ್ರೇನು?”

“ಹಂಗೇನಿಲ್ರಿ. ಆಕಿಗೆ ನೋಡೂದು ಒಂದ ಬರತೈತಿ. ಮಾತಿಲ್ಲ, ಬರಿಯೂದಿಲ್ಲ.”

ನನಗೆ ಮರುಕ ಉಕ್ಕಿತು. ಅಂಥ ಮಕ್ಕಳಿಗೂ ಕಲಿಸುವ ಸಾಲೆಗಳಿವೆ ಎಂದು ಕಾಲು ತಾಸು ತಿಳಿಸಿ ಹೇಳಿದೆ. ಅಮಾತೆಪ್ಪ ತಲೆ ತಗ್ಗಿಸಿ ಕೇಳಿ, ಒಳಗೆ ಹೋಗಿ ಮಗಳನ್ನು ತಂದ. ಕಥೆಯೆಲ್ಲ ನನಗೆ ಗೊತ್ತಾದದ್ದು ಆವತ್ತೇ.

ಆದರೆ ವಹಿಯಲ್ಲಿ ಬರೆದ ಹೆಸರು ಹೊಡೆದುಹಾಕುವ ಹಾಗಿರಲಿಲ್ಲ. ಕಾರಣ ಬರೆಯಬೇಕು, ಮತ್ತು ಕಾರಣಗಳು ಎರಡೇ: ಸಾವು, ಇಲ್ಲವೇ ಊರು ಬಿಟ್ಟದ್ದು. ‘ಸಾವು’ ಎನ್ನುತ್ತಿದ್ದಂತೆ ಶಾರವ್ವ, “ಅದೊಂದು ಬರೀಬ್ಯಾಡ್ರಿ,” ಎಂದು ನನ್ನ ಕೈ ಹಿಡಿದಳು. ಹಾಗಾದರೆ ಯಾವ ಊರಿಗೆ ಹೋದಳೆಂದು ಬರೆಯಲಿ ಎಂದೆ. ಬದಾಮಿ, ಅಲ್ಲಿ ಆಕೆಗೆ ರೂಢಿಯಿದೆ ಎಂದ ಅಮಾತೆಪ್ಪ. ಅಲ್ಲಿ ಮಂಗ ಬಹಳ ಎಂದು ಶಾರವ್ವ ಒಪ್ಪಲಿಲ್ಲ. ಅಮೀನಗಡ, ಹುನಗುಂದ ಎಲ್ಲವೂ ಬಂದವು. ಮಗಳ ವಿದ್ಯಾಭ್ಯಾಸದ ಬಗ್ಗೆ ಗಂಡ ಹೆಂಡತಿ ಅರ್ಧ ತಾಸು ವಾದ ಮಾಡಿದರು. ನಾನು ಚಹಾ ಕುಡಿಯುತ್ತ ಕಾದೆ. ಕೊನೆಗೆ ಕಾಲೇಜುಗಳೆಲ್ಲ ಇರುವ ಜಾಗ, ಮುಂದೆ ಅನುಕೂಲವಾಗುತ್ತದೆ ಎಂದು ಬಾಗಲಕೋಟೆಯ ವಿದ್ಯಾಗಿರಿ ಎಂದಾಯಿತು.

ಆ ವರ್ಷ ನಮ್ಮ ಸಾಲೆಯ ವಹಿಯ ಪ್ರಕಾರ ಇಳಕಲ್ಲಿನಿಂದ ಬಾಗಲಕೋಟೆಗೆ ಓದಲು ಹೋದ ಹೆಣ್ಣುಮಗಳು ನೇತ್ರವ್ವ ಒಬ್ಬಳೇ.